ಪ್ರಾಚ್ಯ ಪುಸ್ತಕಾಲಯವೂ ನಮ್ಮ ಬೀದಿಯ ಲೆಕ್ಕವೂ

ನಾನು ವಾಸವಾಗಿರುವ ಬಡಾವಣೆಗೆ ಉದಯಗಿರಿ ಎಂದು ಹೆಸರು. ಕಾವ್ಯಗಳನ್ನು ಓದಿದವರಿಗೆ ಈ ಹೆಸರು ಕಿವಿಗೆ ಬಿದ್ದೊಡನೆಯೇ ಸೂರ್ಯನು ಮೂಡುವ ಬೆಟ್ಟವೂ ಅದರ ನೆತ್ತಿಯ ಕೆಂಪೂ ನೆನಪಿಗೆ ಬರುವುದು ಸಹಜ. ಇಲ್ಲಿ ಅಂಥ ಬೆಟ್ಟವೇನೂ ಇಲ್ಲ. ಮೈಸೂರಿನ ಮೂಡಣ ಮಗ್ಗುಲಲ್ಲಿ, ಕ್ಯಾತಮಾರನಹಳ್ಳಿ, ಶಾಂತಿನಗರ, ರಾಜೀವನಗರಗಳ ನೆರೆಯಲ್ಲಿ, ಒತ್ತೊತ್ತಾಗಿ ಎದ್ದು ನಿಂತ ಮನೆಗಳು. ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಹೆಂಗಸರು. ರಿಪೇರಿಯ ಅಂಗಡಿಗಳು, ಸೌದೆಯ ಒಟ್ಟಿಲುಗಳು, ಬೆಳಗಿನ ಜಾವದಲ್ಲಿ ಮಸೀದಿಯ ಬಾಂಗು. ಇದೇ ನಮ್ಮ ಉದಯಗಿರಿ. ಮಹಾರಾಜರ ಸಂಸ್ಕೃತ ಪಾಠಶಾಲೆಯಲ್ಲಿ ಓದಿದ ನಾನು ಇಲ್ಲಿಗೆ ಸರ್ಕಾರಿ ಶಾಲೆಯ ಮೇಷ್ಟರಾಗಿ ಬಂದು, ಇಲ್ಲಿಯೇ ಮನೆಮಾಡಿ, ಇಲ್ಲಿಯೇ ನಿವೃತ್ತನಾದೆನು. ಅಗ್ರಹಾರದ ಕಡೆಯ ನೆಂಟರು, ‘ಶಾಸ್ತ್ರ ಓದಿಕೊಂಡ ನೀವು ಅಲ್ಲೇಕೆ ಉಳಿದಿರಿ?’ ಎಂದು ಕೇಳುವುದುಂಟು. ಅವರಿಗೆ ನಾನು ನೇರವಾಗಿ ಉತ್ತರ ಹೇಳಿದವನಲ್ಲ. ಈ ಬರೆಹದ ಕೊನೆಯ ಹೊತ್ತಿಗೆ ಆ ಉತ್ತರವೂ ಸ್ವಲ್ಪಮಟ್ಟಿಗೆ ತಿಳಿದೀತು.

ಸರ್ಕಾರದ ಕೆಲಸಕ್ಕೂ ಊರಿನ ಆಡಳಿತಕ್ಕೂ ನೆರವಾದ ವಿಶ್ವವಿದ್ಯಾನಿಲಯದ ಸಂಸ್ಥೆಯೊಂದರ ಚರಿತ್ರೆಯನ್ನು ಬರೆಯಬೇಕೆಂದು ನಮ್ಮ ಸಂಘದ ಗೆಳೆಯರು ಕೇಳಿದರು. ಅವರ ಮನಸ್ಸಿನಲ್ಲಿದ್ದುದು ಬಹುಶಃ ಮಾನಸಗಂಗೋತ್ರಿಯ ಅಭಿವೃದ್ಧಿ ಅಧ್ಯಯನ ಸಂಸ್ಥೆ ಇರಬೇಕು. ನಾನು ಅರ್ಥಶಾಸ್ತ್ರಜ್ಞನಲ್ಲ, ಕೌಟಿಲ್ಯನ ಅರ್ಥಶಾಸ್ತ್ರವನ್ನು ಮಾತ್ರ ಸ್ವಲ್ಪ ಓದಿದವನು. ಆದುದರಿಂದ ನನಗೆ ಗೊತ್ತಿರುವ ಸಂಸ್ಥೆಯ ವಿಷಯವನ್ನೇ ಬರೆಯುತ್ತೇನೆ. ಅದು ನಮ್ಮ ಪ್ರಾಚ್ಯವಿದ್ಯಾ ಸಂಶೋಧನಾಲಯ. ‘ಹಳೆಯ ಓಲೆಗರಿಗಳನ್ನು ಕಾಯುವ ಮನೆ ಆಡಳಿತಕ್ಕೆ ಏನು ಸೇವೆ ಮಾಡೀತು?’ ಎಂದು ಸಂಶಯಪಡುವ ವಾಚಕರು ಸ್ವಲ್ಪ ತಾಳ್ಮೆ ವಹಿಸಬೇಕೆಂದು ಬೇಡುತ್ತೇನೆ.

ಈ ಸಂಸ್ಥೆಯು ಹುಟ್ಟಿದಾಗ ವಿಶ್ವವಿದ್ಯಾನಿಲಯದ್ದಾಗಿರಲಿಲ್ಲ, ಸರ್ಕಾರದ್ದಾಗಿತ್ತು. ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 50 ವರ್ಷ ತುಂಬಿದ 1887ರ ನೆನಪಿಗಾಗಿ ಮೈಸೂರಿನಲ್ಲಿ ಒಂದು ಜ್ಯೂಬಿಲಿ ಕಟ್ಟಡವೆದ್ದಿತು. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಅಲ್ಲಿ ಸರ್ಕಾರದ ಓರಿಯಂಟಲ್ ಲೈಬ್ರರಿ ಸ್ಥಾಪಿತವಾಯಿತು. ಸಂಸ್ಥಾನದ ಮನೆಮನೆಗಳಲ್ಲಿ, ಮಠಗಳಲ್ಲಿ ಅಟ್ಟದ ಮೇಲೆ ಹುಳ ಹಿಡಿಯುತ್ತಿದ್ದ ಓಲೆಯ ಗ್ರಂಥಗಳನ್ನು ತರಿಸುವುದು, ಪ್ರತಿಮಾಡಿಸುವುದು, ಯೋಗ್ಯವಾದುವನ್ನು ಅಚ್ಚುಹಾಕಿಸುವುದು, ಇವೇ ಅದರ ಕೆಲಸ. ಶಂಕರರ ಗೀತಾಭಾಷ್ಯವನ್ನು ಇಂಗ್ಲಿಷಿಗೆ ತಂದ ಎ. ಮಹಾದೇವ ಶಾಸ್ತ್ರಿಗಳು ಅಲ್ಲಿ ಕ್ಯೂರೇಟರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ನೆಯ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯವು ಹುಟ್ಟಿದ ಮೇಲೆ ಪುಸ್ತಕಾಲಯವು ಅದಕ್ಕೆ ಸೇರಿತು. 1943ರಲ್ಲಿ ಅದಕ್ಕೆ ಸಂಶೋಧನಾಲಯವೆಂಬ ಈಗಿನ ಹೆಸರು ಬಂದಿತು. ಕನ್ನಡದ ಓಲೆಗಳು 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆಗೆ ಹೋದುವು. ಸಂಸ್ಕೃತದವು ಇಲ್ಲಿ ಉಳಿದುವು. ಇಷ್ಟು ಚರಿತ್ರೆಯ ಹೊರಮೈ. ಒಳಗಿನ ಮಾತು ಬೇರೆ ಇದೆ.

ಕಾವೇರೀತೀರದ ರುದ್ರಪಟ್ಟಣದಲ್ಲಿ 1868ರಲ್ಲಿ ಹುಟ್ಟಿದ ಆರ್. ಶಾಮಶಾಸ್ತ್ರಿಗಳು ನಮ್ಮ ಪಾಠಶಾಲೆಯಲ್ಲಿಯೇ ವಿದ್ವತ್ತನ್ನು ಮುಗಿಸಿ, ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನೂ ಪಡೆದಿದ್ದರು. ಅವರ ಪಾಂಡಿತ್ಯವನ್ನು ಕಂಡು ಮೆಚ್ಚಿದ ದಿವಾನ್ ಶೇಷಾದ್ರಿ ಅಯ್ಯರ್ ಅವರನ್ನು ಪುಸ್ತಕಾಲಯದ ಕೆಲಸಕ್ಕೆ ತಂದರು. ಅಲ್ಲಿಗೆ ಬಂದು ಸೇರಿದ ಓಲೆಗಳನ್ನು ದಿನವೂ ಬಿಡಿಸಿ, ಓದಿ, ಪಟ್ಟಿಮಾಡುವುದು ಅವರ ಕೆಲಸವಾಗಿತ್ತು. ಹೀಗಿರುವಾಗ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯಲ್ಲಿ ಬರೆದ ಒಂದು ಓಲೆಯ ಕಟ್ಟನ್ನು ಪುಸ್ತಕಾಲಯಕ್ಕೆ ಒಪ್ಪಿಸಿದರು. ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕೂ ಇದ್ದಿತು. ಶಾಸ್ತ್ರಿಗಳು ಬಿಡಿಸಿ ನೋಡಿದರು. ದಂಡಿಯು ಹೆಸರಿಸಿದ, ಬಾಣನು ಹಳಿದ, ಕಾಮಂದಕನು ಗುರುವೆಂದು ಕೈಮುಗಿದ, ಆದರೆ ಶತಮಾನಗಳಿಂದ ಕಣ್ಣಿಗೆ ಬೀಳದೆ ಹೋಗಿದ್ದ ಕೌಟಿಲ್ಯನ ಅರ್ಥಶಾಸ್ತ್ರವದು! 15 ಅಧಿಕರಣಗಳು, 150 ಅಧ್ಯಾಯಗಳು, 180 ಪ್ರಕರಣಗಳು. 1905ರಿಂದ ಅವರು ಅದರ ಇಂಗ್ಲಿಷ್ ಅನುವಾದವನ್ನು ಬಿಡಿಬಿಡಿಯಾಗಿ ಪತ್ರಿಕೆಗಳಲ್ಲಿ ಪ್ರಕಟಿಸತೊಡಗಿದರು. ಮೂಲವು 1909ರಲ್ಲಿ ಅಚ್ಚಾಯಿತು. ಅನುವಾದವೆಲ್ಲವೂ ಒಂದಾಗಿ 1915ರಲ್ಲಿ, ಫ್ಲೀಟ್ ಸಾಹೇಬರ ಪೀಠಿಕೆಯೊಡನೆ ಹೊರಬಂದಿತು. ಭಾರತೀಯರಿಗೆ ಮೋಕ್ಷಚಿಂತೆ ಹೊರತು ರಾಜ್ಯಚಿಂತೆ ತಿಳಿಯದೆಂದು ಹೇಳುತ್ತಿದ್ದವರ ಬಾಯಿ ಕಟ್ಟಿತು. ಗಣಪತಿ ಶಾಸ್ತ್ರಿಗಳು ತಿರುವನಂತಪುರದಲ್ಲಿ, ಕಾಂಗ್ಲೆಯವರು ಮುಂಬಯಿಯಲ್ಲಿ ಮುಂದೆ ಇದೇ ಗ್ರಂಥದ ಮೇಲೆ ದುಡಿದರು. ಕಾಲನಿರ್ಣಯದ ವಾದಗಳು ಇಂದಿಗೂ ನಡೆದಿವೆ. ಆದರೆ ಬೆಳಕು ಮೊದಲು ಬಿದ್ದುದು ನಮ್ಮ ಊರಿನಲ್ಲಿ.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಶಾಸ್ತ್ರಿಗಳು ಓಲೆಯನ್ನು ಬಿಡಿಸುತ್ತಿದ್ದ ಕಾಲ ಮೈಸೂರಿಗೆ ಎಂಥ ಕಾಲ! ಪ್ಲೇಗಿನ ಹಾವಳಿಯಿಂದ ಊರು ನಡುಗಿಹೋಗಿದ್ದಿತು. ಇಕ್ಕಟ್ಟಾದ ಕೇರಿಗಳನ್ನು ಸಡಿಲಿಸಿ, ಚರಂಡಿಗಳನ್ನು ತೆಗೆಯಿಸಿ, ಹೊಸ ಬಡಾವಣೆಗಳನ್ನು ಹಾಕುವುದಕ್ಕಾಗಿ 1903ರಲ್ಲಿ ನಗರ ಸುಧಾರಣೆಯ ಮಂಡಳಿಯೊಂದು ಏರ್ಪಟ್ಟಿದ್ದಿತು. ಹೊರಗೆ ಅಧಿಕಾರಿಗಳು ಬೀದಿಯ ಅಗಲವನ್ನು ಅಳೆಯುತ್ತಿದ್ದರು. ಒಳಗೆ ಶಾಸ್ತ್ರಿಗಳು ಬೀದಿಗೆ ಮಣ್ಣುಕಸ ಚೆಲ್ಲಿದವನಿಗೆ ಪಣದ ಎಂಟರಲ್ಲೊಂದು ಪಾಲು, ಕೆಸರುನೀರು ಕಟ್ಟಿ ನಿಲ್ಲುವಂತೆ ಮಾಡಿದವನಿಗೆ ಕಾಲುಪಣ, ರಾಜಮಾರ್ಗದಲ್ಲಾದರೆ ಇಮ್ಮಡಿ ದಂಡವೆಂಬ ವಿಧಿಯನ್ನು ಓದುತ್ತಿದ್ದರು. ಬೇಸಗೆಯಲ್ಲಿ ಬೆಂಕಿಯ ಭಯಕ್ಕೆ ಮನೆಮನೆಯಲ್ಲೂ ನೀರಿನ ಕೊಡಗಳೂ ಏಣಿಯೂ ಕೊಡಲಿಯೂ ಇರತಕ್ಕದ್ದೆಂಬ ಕಟ್ಟಳೆಯೂ ಅದರಲ್ಲಿದೆ. ಒಂದೇ ಊರಿನಲ್ಲಿ ಒಂದೇ ಚಿಂತೆ ಎರಡು ಕಡೆ ನಡೆದಿದ್ದಿತು. ಅವರೂ ಇವರೂ ಸಂಜೆ ಕುಳಿತು ಮಾತಾಡಿದ್ದರೆ ಎಷ್ಟು ಚೆನ್ನಾಗಿರುತ್ತಿದ್ದಿತು ಎಂದು ನನಗೆ ಎಷ್ಟೋ ಸಲ ಅನಿಸಿದೆ.

ನಾನು ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ, ಅಂದರೆ 1970ರ ದಶಕದ ಕೊನೆಯಲ್ಲಿ, ವಾರಕ್ಕೆ ಎರಡು ದಿನ ಸಂಶೋಧನಾಲಯಕ್ಕೆ ನಡೆದುಹೋಗುತ್ತಿದ್ದೆನು. ಕೃಷ್ಣರಾಜ ಬುಲೆವಾರ್ಡಿನ ಮರಗಳ ನೆರಳು, ಎತ್ತರದ ಕಂಬಗಳ ಆ ಹಳೆಯ ಕಟ್ಟಡ, ಒಳಗೆ ಕಾಲಿಟ್ಟೊಡನೆ ನಿಂಬೆಹುಲ್ಲಿನ ಎಣ್ಣೆಯ ವಾಸನೆ. ಓಲೆಗರಿಗೆ ಆ ಎಣ್ಣೆಯನ್ನು ಸವರಿದರೆ ಹುಳ ಹತ್ತುವುದಿಲ್ಲ, ಗರಿಯೂ ಮೆತ್ತಗಾಗಿ ಮುರಿಯುವುದಿಲ್ಲ. ಮಸಿಯನ್ನು ಬಳಿದು ಒರಸಿದರೆ ಕೊರೆದ ಅಕ್ಷರ ಎದ್ದು ಕಾಣುತ್ತದೆ. ಅಲ್ಲಿದ್ದ ವೃದ್ಧ ಪಂಡಿತರೊಬ್ಬರು ನನಗೆ ಗ್ರಂಥಲಿಪಿಯನ್ನು ಕಲಿಸಿದರು. ಒಂದು ದಿನ ನಾನು ಅವಸರದಲ್ಲಿ ಒಂದು ಸಾಲನ್ನು ಬಿಟ್ಟು ಪ್ರತಿಮಾಡಿದ್ದೆನು. ಅವರು ಕೋಪಿಸಿಕೊಳ್ಳಲಿಲ್ಲ. ‘ಮಗು, ತಪ್ಪು ಬರೆದರೆ ಮುಂದಿನವನು ತಿದ್ದಿಯಾನು. ಬಿಟ್ಟುದನ್ನು ತಿದ್ದುವವರಿಲ್ಲ, ಅಲ್ಲೊಂದು ಸಾಲು ಇದ್ದಿತೆಂದೇ ಅವನಿಗೆ ತಿಳಿಯುವುದಿಲ್ಲ’ ಎಂದರು. ನಾನು ತಲೆಯಾಡಿಸಿ, ಬಿಟ್ಟ ಸಾಲನ್ನು ಸೇರಿಸಿದೆನು. ಆ ಮಾತು ಲಿಪಿಕಾರರಿಗೆ ಮಾತ್ರ ಹೇಳಿದ್ದೆಂದು ಆಗ ತಿಳಿದಿದ್ದೆನು.

ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಗೋಪನೆಂಬ ಸಣ್ಣ ಅಧಿಕಾರಿಯೊಬ್ಬನು ಬರುತ್ತಾನೆ. ಈ ಗೋಪನು ಹಸು ಕಾಯುವವನಲ್ಲ, ಲೆಕ್ಕ ಕಾಯುವವನು. ಹಳ್ಳಿಗಾಡಿನಲ್ಲಿ ಐದೋ ಹತ್ತೋ ಗ್ರಾಮಗಳು ಅವನಿಗೆ ಸೇರಿದುವು. ಎಲ್ಲೆ, ಹೊಲ, ತೋಟ, ದಾರಿ ಇವುಗಳನ್ನು ಬರೆದಿಡುವುದಲ್ಲದೆ, ಮನೆಗಳಲ್ಲಿ ಉಳುವವರೆಷ್ಟು, ವ್ಯಾಪಾರಿಗಳೆಷ್ಟು, ಕಸಬುದಾರರೆಷ್ಟು, ಕೂಲಿಯವರೆಷ್ಟು, ಮಕ್ಕಳು ಮುದುಕರೆಷ್ಟು, ದನಕರುಗಳೆಷ್ಟು ಎಂಬುದನ್ನೂ ಅವನು ತಿಳಿದಿರತಕ್ಕದ್ದು. ನಗರದಲ್ಲಿ ಹತ್ತು, ಇಪ್ಪತ್ತು ಅಥವಾ ನಲವತ್ತು ಮನೆಗಳಿಗೊಬ್ಬ ಗೋಪ. ಆ ಮನೆಗಳ ಗಂಡಸರು ಹೆಂಗಸರ ಹೆಸರು, ಕುಲ, ಕಸಬು, ಆದಾಯ, ವೆಚ್ಚ ಎಲ್ಲವೂ ಅವನಿಗೆ ಗೊತ್ತಿರಬೇಕು. ಅವನು ಬರೆದುದು ಸರಿಯೇ ತಪ್ಪೇ ಎಂದು ಹಳ್ಳಿಗಳಲ್ಲಿ ಗೃಹಸ್ಥರ ವೇಷದ ಚಾರರು ಮತ್ತೆ ಹೋಗಿ ಎಣಿಸುತ್ತಾರೆ. ಇದೆಲ್ಲವನ್ನೂ ಪರೀಕ್ಷೆಗಾಗಿ ಓದಿ, ಬರೆದು, ಒಳ್ಳೆಯ ಅಂಕಗಳನ್ನು ಪಡೆದೆನು.

ಮೇಷ್ಟರ ಕೆಲಸಕ್ಕೆ ಸೇರಿದ ಮೇಲೆ ನಾನೇ ಗೋಪನಾದೆನು. ನಮ್ಮ ನಾಡಿನಲ್ಲಿ ಪಾಠದ ಹೊತ್ತು ಮುಗಿದ ಮೇಲೆ ಸರ್ಕಾರದ ಕೈಯೂ ಕಾಲೂ ಆಗತಕ್ಕವನು ಶಾಲೆಯ ಮೇಷ್ಟ್ರೇ ಎಂಬುದು ಎಲ್ಲರಿಗೂ ತಿಳಿದದ್ದೇ. ಜನಗಣತಿ ಬಂದರೆ ಮೇಷ್ಟ್ರು. ಮತದಾರರ ಪಟ್ಟಿ ತಿದ್ದಬೇಕಾದರೆ ಮೇಷ್ಟ್ರು. ನಿಜ ಹೇಳಬೇಕೆಂದರೆ ನನಗೆ ಇದರಲ್ಲಿ ಒಳಗೊಳಗೇ ಅವಮಾನವೆನಿಸುತ್ತಿದ್ದಿತು. ವಿದ್ವತ್ ಪರೀಕ್ಷೆ ಮಾಡಿದವನು ಬಿಸಿಲಿನಲ್ಲಿ ಬಾಗಿಲು ಬಾಗಿಲು ತಟ್ಟಿ ತಲೆ ಎಣಿಸಬೇಕೇ ಎಂಬ ಅಹಂಕಾರ. ಆ ಅಹಂಕಾರದ ಫಲವನ್ನು ಇನ್ನೊಬ್ಬರು ಉಂಡರು.

2013ರ ಮಾರ್ಚಿನಲ್ಲಿ ನಗರಪಾಲಿಕೆಯ ಚುನಾವಣೆ ನಡೆಯಿತು. ಅದಕ್ಕೆ ಮುಂಚೆ ಪಟ್ಟಿಯನ್ನು ಪರಿಷ್ಕರಿಸುವಾಗ ನನ್ನ ಪಾಲಿಗೆ ಬಂದ ಗಲ್ಲಿಗಳಲ್ಲಿ ಒಂದು ಹಿಂಬದಿಯ ಮನೆಯಿದ್ದಿತು. ಒಂದೇ ಕೋಣೆ, ತಗಡಿನ ಮಾಡು. ಅಲ್ಲಿ ಬೀಡಿ ಕಟ್ಟಿ ಜೀವಿಸುತ್ತಿದ್ದ ಒಬ್ಬ ವಿಧವೆ ಇದ್ದರು. ಅವರ ಮಗನು ನನ್ನ ಕೈಯಲ್ಲಿ ಅಕ್ಷರ ಕಲಿತವನು. ಎರಡು ಸಲ ಹೋದಾಗಲೂ ಬೀಗ ಹಾಕಿದ್ದಿತು. ಗಲ್ಲಿಯಲ್ಲಿ ಆಡುತ್ತಿದ್ದ ಹುಡುಗನೊಬ್ಬನು ‘ಅವರು ಹೋಗ್ಬಿಟ್ರು’ ಎಂದನು. ಎಲ್ಲಿಗೆ, ಯಾವಾಗ ಬರುತ್ತಾರೆ ಎಂದು ಪಕ್ಕದ ಮನೆಯಲ್ಲಿ ಕೇಳಬಹುದಾಗಿದ್ದಿತು. ನನಗೆ ಬಾಯಾರಿತ್ತು, ಹೊತ್ತೂ ಆಗಿದ್ದಿತು. ಸ್ಥಳ ಬಿಟ್ಟಿದ್ದಾರೆಂದು ಗುರುತುಹಾಕಿ ಮನೆಗೆ ನಡೆದೆನು. ಅವರು ಹೋದದ್ದು ಚನ್ನಪಟ್ಟಣಕ್ಕೆ, ಮಗಳ ಬಾಣಂತನಕ್ಕೆ.

ಮತದಾನದ ದಿನ ನಾನು ಮತಗಟ್ಟೆಯ ಹೊರಗೆ ಮೇಜು ಹಾಕಿಕೊಂಡು, ಬಂದವರಿಗೆ ಪಟ್ಟಿಯಲ್ಲಿ ಅವರ ಸಂಖ್ಯೆಯನ್ನು ಹುಡುಕಿಕೊಡುತ್ತಿದ್ದೆನು. ಹನ್ನೊಂದು ಗಂಟೆಯ ಹೊತ್ತಿಗೆ ಆಕೆ ಬಂದರು. ಹೆಸರು ಸಿಕ್ಕಲಿಲ್ಲ. ಪುಟ ತಿರುವಿದೆನು, ಸಿಕ್ಕಲಿಲ್ಲ. ಸಿಕ್ಕುವುದಿಲ್ಲವೆಂದು ನನಗೆ ಗೊತ್ತಾದ ಮೇಲೆಯೂ ಬೆರಳನ್ನು ಸಾಲಿನ ಮೇಲೆ ಆಡಿಸುತ್ತಿದ್ದೆನು. ಕೊನೆಗೆ ಇದ್ದುದನ್ನು ಹೇಳಿದೆನು.

‘ಮೇಷ್ಟ್ರೇ, ನನ್ನ ಮಗನಿಗೆ ಹೆಸರು ಬರೆಯೋದು ಕಲಿಸಿದೋರು ನೀವು. ನನ್ನ ಹೆಸರು ಅಳಿಸಿದೋರೂ ನೀವೇನಾ?’

‘ತಪ್ಪಾಯಿತಮ್ಮ. ಬೀಗ ಹಾಕಿತ್ತು, ಹೋಗಿಬಿಟ್ಟಿದ್ದೀರಿ ಅಂದುಕೊಂಡೆ.’

‘ಬೀಗ ಹಾಕಿದ್ರೆ ವಾಪಸು ಬರ್ತಾರೆ ಅಂತ ಅರ್ಥ ಅಲ್ವಾ, ಮೇಷ್ಟ್ರೇ? ಹೋಗೇಬಿಡೋರು ಬೀಗ ಯಾಕೆ ಹಾಕ್ತಾರೆ?’

ತರ್ಕಸಂಗ್ರಹವನ್ನು ಬಾಯಿಪಾಠಮಾಡಿದ ನನಗೆ ಆ ಅನುಮಾನವು ಹೊಳೆದಿರಲಿಲ್ಲ. ಆಕೆ ಮತ್ತೇನೂ ಬಯ್ಯಲಿಲ್ಲ. ‘ನಮ್ಮ ಗಲ್ಲೀಗೆ ಒಂದು ನಲ್ಲಿ ಕೇಳೋಣ ಅಂತ ಹೆಂಗಸರೆಲ್ಲ ಮಾತಾಡಿಕೊಂಡಿದ್ದೆವು. ವೋಟಿಲ್ಲದೋಳ ಮಾತು ಯಾರು ಕೇಳ್ತಾರೆ’ ಎಂದು ಹೇಳಿ, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಹೊರಟುಹೋದರು. ಸಾಲಿನಲ್ಲಿ ನಿಂತಿದ್ದವರು ನನ್ನ ಕಡೆಗೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಾಗುತ್ತಿದ್ದಿತು.

ಆ ರಾತ್ರಿ ಪೆಟ್ಟಿಗೆಯಿಂದ ಶಾಮಶಾಸ್ತ್ರಿಗಳ ಅರ್ಥಶಾಸ್ತ್ರವನ್ನು ತೆಗೆದು, ಎರಡನೆಯ ಅಧಿಕರಣದ 36ನೆಯ ಅಧ್ಯಾಯವನ್ನು ತೆರೆದೆನು. ಅಂಚಿನಲ್ಲಿ ನಾನು ವಿದ್ಯಾರ್ಥಿಯಾಗಿದ್ದಾಗ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳಿದ್ದುವು. ಒಂದು ಸಮಾಸದ ವಿಗ್ರಹ, ಒಂದು ಪಾಠಾಂತರ, ಒಂದು ಅಪರೂಪದ ಪ್ರಯೋಗ. ಗೋಪನು ಏನು ಮಾಡುತ್ತಾನೆ, ಏಕೆ ಮಾಡುತ್ತಾನೆ, ಮಾಡದಿದ್ದರೆ ಯಾರಿಗೆ ಏನಾಗುತ್ತದೆ ಎಂದು ಒಂದು ಅಕ್ಷರವೂ ಇರಲಿಲ್ಲ. ಅದೇ ಅಧಿಕರಣದ 23ನೆಯ ಅಧ್ಯಾಯದಲ್ಲಿ ನೂಲಿನ ಅಧ್ಯಕ್ಷನ ಪ್ರಸಂಗವಿದೆ. ಮನೆಯಿಂದ ಹೊರಬೀಳಲಾರದ ಹೆಂಗಸರಿಗೂ ವಿಧವೆಯರಿಗೂ ಅಂಗವಿಕಲೆಯರಿಗೂ ನೂಲುವ ಕೆಲಸವನ್ನು ಮರ್ಯಾದೆಯಿಂದ ಕೊಡಿಸಬೇಕು. ನೂಲನ್ನು ತಂದೊಪ್ಪಿಸುವ ಹೆಂಗಸಿನ ಮುಖವನ್ನು ದಿಟ್ಟಿಸುವ ಅಧಿಕಾರಿಗೂ ಬೇರೆ ಮಾತೆತ್ತುವವನಿಗೂ ದಂಡ. ಕೂಲಿ ಕೊಡುವುದಕ್ಕೆ ತಡಮಾಡಿದರೆ ಅದಕ್ಕಿಂತ ಹೆಚ್ಚಿನ ದಂಡ. ನಮ್ಮ ಗಲ್ಲಿಯ ಹೆಂಗಸರು ಮೊರದಲ್ಲಿ ಎಲೆಯನ್ನೂ ತಂಬಾಕನ್ನೂ ಇಟ್ಟುಕೊಂಡು ಹೊಸ್ತಿಲಲ್ಲಿ ಬೀಡಿ ಕಟ್ಟುವುದನ್ನು ನಿತ್ಯವೂ ಕಾಣುತ್ತಿದ್ದ ನನಗೆ ಆ ಅಧ್ಯಾಯವು ಇವರ ವಿಷಯವೇ ಎಂದು ಒಮ್ಮೆಯೂ ತೋರಿರಲಿಲ್ಲ. ಓದಿದ್ದು ಗ್ರಂಥವಾಗಿಯೇ ಉಳಿದಿದ್ದಿತು.

ಮಾರನೆಯ ದಿನ ಅರ್ಜಿಯನ್ನು ನಾನೇ ತುಂಬಿ, ಆಕೆಯ ಹೆಬ್ಬೆಟ್ಟಿನ ಗುರುತನ್ನು ಹಾಕಿಸಿಕೊಂಡು, ಕಚೇರಿಗೆ ಕೊಂಡುಹೋಗಿ ಕೊಟ್ಟೆನು. ಅದೇ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಆಕೆ ಮತ ಹಾಕಿದರು. ಆದರೆ ವಾರ್ಡಿನ ಮತ ಹೋದದ್ದು ಹೋಯಿತು. ಅದು ಮತ್ತೆ ಬಂದುದು 2018ರಲ್ಲಿ. ಅಷ್ಟರೊಳಗೆ ಆಕೆ ತೀರಿಕೊಂಡಿದ್ದರು. ಹೆಸರನ್ನು ಪಟ್ಟಿಯಿಂದ ತೆಗೆಯಬೇಕೆಂದು ಮಗನು ಕಾಗದವನ್ನು ಹಿಡಿದುಕೊಂಡು ನನ್ನ ಬಳಿಗೇ ಬಂದನು. ಈ ಸಲ ಅಳಿಸುವುದು ನ್ಯಾಯವೇ ಆಗಿದ್ದಿತು. ಆದರೂ ನನ್ನ ಕೈ ಬಹಳ ಹೊತ್ತು ಏಳಲಿಲ್ಲ. ಅವನು, ‘ಬರೀರಿ ಸಾರ್, ಅಮ್ಮ ನಿಮ್ಮನ್ನ ಬಯ್ಕೊಳ್ತಾ ಇರಲಿಲ್ಲ’ ಎಂದನು. ಗಲ್ಲಿಗೆ ಆ ಹೊತ್ತಿಗೆ ನಲ್ಲಿ ಬಂದಿದ್ದಿತು. ಆಕೆ ಅದರ ನೀರನ್ನು ಎಷ್ಟು ದಿನ ಹಿಡಿದರೋ ನಾನು ಕೇಳಲಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ವಿದ್ಯಾಸಂಸ್ಥೆಯು ಆಡಳಿತಕ್ಕೆ ಏನು ಸೇವೆ ಮಾಡತಕ್ಕದ್ದು? ನಮ್ಮ ಊರಿನಲ್ಲಿ ಈ ಕೆಲಸಕ್ಕೆಂದೇ ಸಂಸ್ಥೆಗಳಿವೆ. ಲಲಿತಮಹಲ್ ರಸ್ತೆಯಲ್ಲಿ ಅಧಿಕಾರಿಗಳಿಗೆ ತರಬೇತಿ ಕೊಡುವ ಆಡಳಿತ ಸಂಸ್ಥೆಯಿದೆ. ಅಬ್ದುಲ್ ನಜೀರ್ ಸಾಬರ ಹೆಸರಿನಲ್ಲಿ ಗ್ರಾಮೀಣಾಭಿವೃದ್ಧಿಯ ಸಂಸ್ಥೆಯಿದೆ. ನಮ್ಮ ನೆರೆಯ ಗುಂಡ್ಲುಪೇಟೆಯವರಾದ ನಜೀರ್ ಸಾಬರು ಮಂತ್ರಿಗಳಾಗಿದ್ದಾಗ ಹಳ್ಳಿಹಳ್ಳಿಯಲ್ಲಿ ಕೊಳವೆಬಾವಿಗಳನ್ನು ತೋಡಿಸಿ ‘ನೀರ್ ಸಾಬ್’ ಎಂದು ಕರೆಯಿಸಿಕೊಂಡವರು. 1983ರ ಕಾಯಿದೆಯಿಂದ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳನ್ನು ತಂದು, 1987ರ ಚುನಾವಣೆಯಲ್ಲಿ ಹೆಂಗಸರಿಗೆ ನಾಲ್ಕರಲ್ಲೊಂದು ಪಾಲು ಸ್ಥಾನಗಳು ದೊರೆಯುವಂತೆ ಮಾಡಿದವರು. 1988ರಲ್ಲಿ ಅವರು ಕಾಲವಾದರು. ಸಂವಿಧಾನದ 73ನೆಯ ತಿದ್ದುಪಡಿ ಬರುವುದಕ್ಕೆ ಎಷ್ಟೋ ವರ್ಷ ಮುಂಚೆ ನಮ್ಮ ನಾಡು ಆ ದಾರಿಯನ್ನು ನಡೆದು ತೋರಿಸಿದ್ದಿತು. ಇಂಥ ಸಂಸ್ಥೆಗಳ ಉಪಕಾರವನ್ನು ಕಡಿಮೆಯೆಂದು ನಾನು ಹೇಳಲಾರೆ.

ಆದರೆ ಆಡಳಿತಶಾಸ್ತ್ರವು ಎಷ್ಟೇ ಎತ್ತರದಲ್ಲಿ ಹುಟ್ಟಿದರೂ ಕೊನೆಗೆ ಬಂದು ನಿಲ್ಲುವುದು ಒಂದು ಬಾಗಿಲಿನ ಮುಂದೆ, ಪಟ್ಟಿಯನ್ನು ಹಿಡಿದ ಒಬ್ಬ ಸಣ್ಣ ಮನುಷ್ಯನ ಕೈಯಲ್ಲಿ. ಇದನ್ನು ಕೌಟಿಲ್ಯನು ಬಲ್ಲವನಾಗಿದ್ದನು. ಆದುದರಿಂದಲೇ ಗೋಪನಿಗೆ ಅಷ್ಟು ವಿಧಿಗಳನ್ನು ಹಾಕಿದನು. ಒಂದು ಭೇದವನ್ನು ಮಾತ್ರ ಮರೆಯಬಾರದು. ಕೌಟಿಲ್ಯನ ಗೋಪನು ಎಣಿಸಿದ್ದು ಅರಸನಿಗಾಗಿ. ಕಂದಾಯ ತಪ್ಪಬಾರದು, ಕಳ್ಳನು ಅಡಗಬಾರದು ಎಂಬುದು ಅದರ ಉದ್ದೇಶ. ಎಣಿಕೆಗೆ ಸಿಕ್ಕದವನಿಗೆ ಅಂದು ಬಹುಶಃ ಲಾಭವೇ ಆಗುತ್ತಿದ್ದಿತು. ಇಂದಿನ ಪಟ್ಟಿ ಹಾಗಲ್ಲ. ಎಣಿಸಲ್ಪಟ್ಟವನೇ ಅರಸನು. ಇಂದು ಹೆಸರು ಬಿಟ್ಟುಹೋದರೆ ಖಜಾನೆಗೆ ನಷ್ಟವಿಲ್ಲ, ಬಿಟ್ಟುಹೋದವನಿಗೆ ನಷ್ಟ. ಅವನ ಪರವಾಗಿ ಮತ್ತೆ ಎಣಿಸುವುದಕ್ಕೆ ಚಾರರೂ ಬರುವುದಿಲ್ಲ. ಆದುದರಿಂದ ಈ ಕಾಲದ ಗೋಪನ ಹೊಣೆ ಆ ಕಾಲದವನ ಹೊಣೆಗಿಂತ ದೊಡ್ಡದು.

ನಿವೃತ್ತನಾದ ಮೇಲೆ ಮತ್ತೆ ಸಂಶೋಧನಾಲಯಕ್ಕೆ ಹೋಗಿಬರುತ್ತಿದ್ದೇನೆ. ಶಾಮಶಾಸ್ತ್ರಿಗಳಿಗೆ ಮಹಾಮಹೋಪಾಧ್ಯಾಯರೆಂಬ ಬಿರುದು ಬಂದಿತು, ಹೊರನಾಡುಗಳಲ್ಲಿ ಕೀರ್ತಿ ಬಂದಿತು. 1944ರಲ್ಲಿ ಅವರು ತೀರಿಕೊಂಡ ಮೇಲೆಯೂ ಅವರ ಹೆಸರು ಉಳಿದಿದೆ. ಅದು ಉಚಿತವೇ. ಆದರೆ ಅಲ್ಲಿ ಕುಳಿತಾಗ ನನಗೆ ಹೆಚ್ಚಾಗಿ ನೆನಪಾಗುವವರು ಓಲೆಯ ಕಟ್ಟನ್ನು ತಂದುಕೊಟ್ಟ ಆ ತಂಜಾವೂರು ಜಿಲ್ಲೆಯ ಪಂಡಿತರು. ತಲೆತಲಾಂತರದಿಂದ ಮನೆಯಲ್ಲಿ ಕಾಪಾಡಿಕೊಂಡದ್ದನ್ನೋ ಎಲ್ಲಿಂದಲೋ ಪಡೆದದ್ದನ್ನೋ ಪರವೂರಿನ ಪುಸ್ತಕಾಲಯಕ್ಕೆ ಒಪ್ಪಿಸಿ ಹೋದವರು. ಜಗತ್ತಿಗೆ ಅವರು ‘ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು’ ಎಂದಷ್ಟೇ ತಿಳಿದಿದ್ದಾರೆ. ಆಡಳಿತದ ಪಟ್ಟಿಗಳನ್ನು ಹೇಗೆ ಬರೆಯಬೇಕೆಂದು ಲೋಕಕ್ಕೆ ತಿಳಿಸಿದ ಗ್ರಂಥವನ್ನು ಕೊಟ್ಟವರ ಹೆಸರೇ ನಮ್ಮ ನೆನಪಿನ ಪಟ್ಟಿಯಲ್ಲಿ ಇಲ್ಲ. ಬಿಟ್ಟ ಸಾಲಿನ ವಿಷಯದಲ್ಲಿ ನನ್ನ ಗುರುಗಳಾದ ವೃದ್ಧ ಪಂಡಿತರು ಹೇಳಿದ ಮಾತಿನ ಅರ್ಥ ನನಗೆ ಪೂರ್ತಿಯಾಗಿ ಆದುದು ಈ ವಯಸ್ಸಿನಲ್ಲಿ.

ನೆಂಟರ ಪ್ರಶ್ನೆಗೂ ಇದೇ ಉತ್ತರ. ಉದಯಗಿರಿಯಲ್ಲಿ ಏಕೆ ಉಳಿದೆನೆಂದರೆ, ನನ್ನ ಶಾಸ್ತ್ರಕ್ಕೆ ವ್ಯಾಖ್ಯಾನ ದೊರೆತದ್ದು ಇಲ್ಲಿ. ಈಗಲೂ ಪಟ್ಟಿ ತಿದ್ದುವ ಕಾಲ ಬಂದಾಗ ನಮ್ಮ ಬೀದಿಗೆ ಬರುವ ಕಿರಿಯ ಮೇಷ್ಟರುಗಳನ್ನು ಕರೆದು ಜಗಲಿಯ ಮೇಲೆ ಕುಳ್ಳಿರಿಸಿ, ಕುಡಿಯುವುದಕ್ಕೆ ಮಜ್ಜಿಗೆ ಕೊಡುತ್ತೇನೆ. ಬಿಸಿಲು ಇಳಿದ ಮೇಲೆ ಅವರ ಜೊತೆಯಲ್ಲಿ ಎದ್ದು, ಬೀಗ ಹಾಕಿದ ಮನೆಗಳ ಪಕ್ಕದ ಬಾಗಿಲನ್ನು ತಟ್ಟಿ, ಅವರು ಎಲ್ಲಿ ಹೋಗಿದ್ದಾರೆ, ಯಾವಾಗ ಬರುತ್ತಾರೆ ಎಂದು ಕೇಳುತ್ತೇನೆ.